ಫರ್ಸಿ ಮಶಾಕ ಕಿವಿಯಿಂದ ಕಲಿತ ಇಂಗ್ಲಿಷು

ಶಹಾಬಾದಿನ ಮಶಾಕ ನನ್ನ ಶಿಷ್ಯನೆಂದು ಯಾರಾದರೂ ಹೊಗಳಿದರೆ ನನಗೆ ವಾಕರಿಕೆ ಬರುತ್ತದೆ. ಅವನನ್ನು ನೆನೆದಲ್ಲ, ನನ್ನನ್ನು ನೆನೆದು. ವಾಡಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿರುವ ಸಂಗಣ್ಣ ಮಾಸ್ತರ ನಾನೇ. ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸುವುದು ಹೇಗೆಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಆದರೆ ಇಂಗ್ಲಿಷ್ ಮನೆಮಾತಾಗಿರುವ ಒಬ್ಬ ಮನುಷ್ಯ ತನ್ನ ಪಾಡಿಗೆ ತಾನು ಮಾತಾಡಿದರೆ ಅದರಲ್ಲಿ ನಾಲ್ಕಾಣೆಯಷ್ಟೂ ನನಗೆ ತಿಳಿಯುತ್ತಿರಲಿಲ್ಲ. ಈ ಸಂಗತಿಯನ್ನು ಹೆಂಡತಿಗೂ ಹೇಳದೆ ಮುಚ್ಚಿಟ್ಟುಕೊಂಡು ಬಂದಿದ್ದೆ. ಮುಚ್ಚಿಟ್ಟದ್ದು ಕೊಳೆಯದೆ ಇರುತ್ತದೆಯೇ?

ಮಶಾಕನಿಗೆ ಈಗ ನಲವತ್ತಾರು. ಏಳನೆಯ ಇಯತ್ತೆಯವರೆಗೆ ಉರ್ದು ಶಾಲೆ, ಆಮೇಲೆ ಅಪ್ಪನ ಹಿಂದೆ ಕಲ್ಲಿನ ಖಣಿ. ಸಣಕಲು ಮೈ, ಗಡ್ಡದಲ್ಲಿ ನರೆ ಎಷ್ಟು, ಕಲ್ಲಿನ ಧೂಳೆಷ್ಟು ಎಂದು ಹೇಳುವುದು ಕಷ್ಟ. ಶಹಾಬಾದಿನ ಹೊರಗೆ ರಮೇಶಕುಮಾರ ಎಂಬವರ ಫರ್ಸಿ ಯಾರ್ಡಿನಲ್ಲಿ ಹದಿನೇಳು ವರ್ಷ ಕಲ್ಲು ಪರೀಕ್ಷೆ ಮಾಡುವ ಕೆಲಸ ಅವನದು. ನಮ್ಮ ಕಡೆಯ ಹಾಸುಗಲ್ಲಿಗೆ ಫರ್ಸಿ ಎನ್ನುತ್ತಾರೆ. ಪಾಲಿಶ್ ಆಗಿ ಬಂದ ಪ್ರತಿಯೊಂದು ಫರ್ಸಿಯನ್ನೂ ಅವನು ಅಂಚಿನ ಮೇಲೆ ನಿಲ್ಲಿಸಿ, ಸಣ್ಣ ಸುತ್ತಿಗೆಯ ಹಿಂಬದಿಯಿಂದ ಮೂರು ಕಡೆ ತಟ್ಟಿ ಕೇಳುತ್ತಿದ್ದ. ಗಟ್ಟಿ ಕಲ್ಲು ಗಂಟೆಯಂತೆ ನುಡಿಯುತ್ತದೆ. ಒಳಗೆ ಕಣ್ಣಿಗೆ ಕಾಣದ ಪದರು ಬಿಟ್ಟಿದ್ದರೆ ಒಡೆದ ಮಡಕೆಯಂತೆ ಬದ್ದೆನ್ನುತ್ತದೆ. ಗಟ್ಟಿಯದಕ್ಕೆ ನೀಲಿ ಸೀಮೆಸುಣ್ಣದ ಗೆರೆ: ಮಳೆ ಚಳಿಗೆ, ಅಂಗಳಕ್ಕೆ, ಮೆಟ್ಟಿಲಿಗೆ ನಡೆಯುತ್ತದೆ. ಉಳಿದದ್ದಕ್ಕೆ ಕೆಂಪು ಗೆರೆ: ಮನೆಯೊಳಗೆ ಮಾತ್ರ. ಹೈದರಾಬಾದಿನಿಂದ ಬರುವ ವ್ಯಾಪಾರಿಗಳು ಕಲ್ಲು ನೋಡುವ ಮೊದಲು ಮಶಾಕ ನೋಡಿದ್ದಾನೋ ಇಲ್ಲವೋ ಎಂದು ಕೇಳುತ್ತಿದ್ದರು. ಅವನ ಆಸ್ತಿ ಎಂದರೆ ಈ ಹೆಸರೊಂದೇ. ಅದನ್ನು ಕೆಡಿಸಿದವನು ನಾನು.

ರಮೇಶಕುಮಾರರಿಗೆ ತಮ್ಮ ಫರ್ಸಿ ವಿಲಾಯತಿಗೆ ಹೋಗಬೇಕೆಂಬ ಹಟ ಹತ್ತಿತ್ತು. ಇಂಗ್ಲೆಂಡಿನ ಉತ್ತರ ಭಾಗದ ಸೈಮನ್ ಎಂಬ ಕಲ್ಲಿನ ವ್ಯಾಪಾರಿಯೊಬ್ಬ ಸಿಕ್ಕ. ಪತ್ರ ಬರೆಯಲು ನನ್ನನ್ನು ಕರೆದರು. ಬರೆಯುವುದರಲ್ಲಿ ನನ್ನನ್ನು ಸೋಲಿಸುವವರು ಈ ನಾಲ್ಕು ತಾಲ್ಲೂಕಿನಲ್ಲಿ ಯಾರೂ ಇಲ್ಲ ಎಂಬ ಸೊಕ್ಕು ನನಗಿತ್ತು. ಮೂರು ತಿಂಗಳಾದ ಮೇಲೆ ಸೈಮನ್ ಪತ್ರ ಸಾಕು, ವಿಡಿಯೋ ಕಾಲ್ ಮಾಡೋಣ ಎಂದ. ಶನಿವಾರ ನಮಗೆ ಬೆಳಗಿನ ಶಾಲೆ. ಮಧ್ಯಾಹ್ನ ಎರಡೂವರೆಗೆ ನಾನು ಯಾರ್ಡಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿರುತ್ತಿದ್ದೆ. ಮಶಾಕ ತನ್ನ ಫೋನನ್ನು ಹಿಡಿದುಕೊಂಡು ಒಂದೊಂದೇ ಗುಡ್ಡೆಯ ಮುಂದೆ ನಿಂತು ಕಲ್ಲು ತೋರಿಸುತ್ತಿದ್ದ.

ಸೈಮನ್ ಬಾಯಿ ಬಿಟ್ಟ ಮೊದಲ ದಿನವೇ ನನಗೆ ಒಂದಕ್ಷರವೂ ತಿಳಿಯಲಿಲ್ಲ. ಅವನ ಬಾಯಿಂದ ಪದಗಳೇ ಬರುತ್ತಿರಲಿಲ್ಲ. ಒಂದು ಉದ್ದನೆಯ ಸದ್ದು ಬರುತ್ತಿತ್ತು. ಪುಸ್ತಕದಲ್ಲಿ ಪದಪದದ ನಡುವೆ ಇರುವ ಜಾಗ ಆ ಮನುಷ್ಯನ ಬಾಯಲ್ಲಿ ಎಲ್ಲಿಯೂ ಇರಲಿಲ್ಲ. "ವಾಟ್ ಡೂ ಯೂ ವಾಂಟ್ ಟು ಡೂ" ಎಂದು ನಾನು ಮಕ್ಕಳಿಗೆ ಆರು ಪದ ಬಿಡಿಬಿಡಿಯಾಗಿ ಹೇಳಿಕೊಟ್ಟಿದ್ದೆ. ಅವನು "ವಾಡ್ಯ ವೋನ ಡೂ" ಎಂದು ನುಂಗಿಬಿಡುತ್ತಿದ್ದ. ಪುಸ್ತಕದ ಬದನೆಕಾಯಿ ಸಾರಿಗೆ ಬರುವುದಿಲ್ಲ ಎನ್ನುತ್ತಾರಲ್ಲ, ನನ್ನ ಇಪ್ಪತ್ತೆಂಟು ವರ್ಷದ ಬೆಳೆ ಅಷ್ಟೇ ಎಂದು ಆ ಕುರ್ಚಿಯಲ್ಲಿ ಗೊತ್ತಾಯಿತು. ಆದರೂ ಎದ್ದು ಹೋಗಲಿಲ್ಲ.

ನಮ್ಮ ಕಡೆ ದೊಡ್ಡವರು ಮಾತಾಡುವಾಗ ಕೇಳುವವನು ಸುಮ್ಮನೆ ಕೂರಬಾರದು. ಹೂಂರಿ, ಹೌದ್ರಿ, ಖರೇರಿ ಎನ್ನುತ್ತಲೇ ಇರಬೇಕು. ಇಲ್ಲದಿದ್ದರೆ ಕಿವಿ ಎಲ್ಲಿಟ್ಟೀಯೋ ಎಂದು ಬೈಸಿಕೊಳ್ಳಬೇಕು. ಆ ಹೌದಿನಲ್ಲಿ ಒಪ್ಪಿಗೆ ಇರುವುದಿಲ್ಲ. ನಿಮ್ಮ ಮಾತು ಕಿವಿಗೆ ಬೀಳುತ್ತಿದೆ, ಮುಂದುವರಿಸಿರಿ ಎಂಬ ಮರ್ಯಾದೆ ಅಷ್ಟೇ. ಚಿತ್ತಾಪುರದ ಬಸ್ಸಿನಲ್ಲಿ ಫೋನು ಹಿಡಿದ ಹತ್ತು ಮಂದಿಯಲ್ಲಿ ಎಂಟು ಮಂದಿ ಬರೀ ಹೌದ್ರಿ ಹೌದ್ರಿ ಎನ್ನುತ್ತಿರುತ್ತಾರೆ, ಇಳಿದ ಮೇಲೆ ತಮಗೆ ಬೇಕಾದದ್ದನ್ನೇ ಮಾಡುತ್ತಾರೆ. ಈ ಮರ್ಯಾದೆಯನ್ನು ನಾನು ಇಂಗ್ಲಿಷಿಗೆ ಹೊತ್ತುಕೊಂಡು ಹೋದೆ. ಸೈಮನ್ ಮಾತಾಡಿದಷ್ಟು ಹೊತ್ತೂ ಎಸ್ ಸರ್, ಎಸ್ ಸರ್ ಎನ್ನುತ್ತಿದ್ದೆ. ಅರ್ಥವಾಗದ ನಾಚಿಕೆಯನ್ನು ಮುಚ್ಚಲು ಅದಕ್ಕಿಂತ ಒಳ್ಳೆಯ ಕಂಬಳಿ ಸಿಗುವುದಿಲ್ಲ. ಕಾಲ್ ಮುಗಿದ ಮೇಲೆ ಗುಡ್ಡೆ, ಅಳತೆ, ಬಣ್ಣ ನೋಡಿ ಏನೋ ಒಂದು ಊಹಿಸಿ ರಮೇಶಕುಮಾರರಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಅವರು ನನ್ನ ಮುಂದೆ ಚಹಾ ಇಡಿಸಿ ಕೈ ಮುಗಿಯುತ್ತಿದ್ದರು. ಆ ಚಹಾವನ್ನು ನಾನು ಕುಡಿದೆ, ಪ್ರತಿ ಶನಿವಾರ ಕುಡಿದೆ.

ಒಂದು ಫೆಬ್ರವರಿಯಲ್ಲಿ ಸೈಮನ್‌ಗೆ ಕಳಿಸಬೇಕಾದ ಮಾಲಿನಲ್ಲಿ ನೀಲಿ ಗೆರೆಯದು ಸ್ವಲ್ಪ ಕಡಿಮೆ ಬಿದ್ದಿತ್ತು, ಕೆಂಪು ಗೆರೆಯದು ಹೆಚ್ಚಿತ್ತು. ಮಶಾಕ ಕೆಂಪು ಗುಡ್ಡೆಯ ಮುಂದೆ ಫೋನು ಹಿಡಿದು ನಿಂತಿದ್ದ. ಸೈಮನ್ ಉದ್ದಕ್ಕೆ ಏನೋ ಹೇಳಿದ. ನಾನು ನಾಲ್ಕು ಸಲ ಎಸ್ ಸರ್ ಎಂದೆ. ಕೊನೆಗೆ ಅವನು ಹುಬ್ಬು ಮೇಲೆತ್ತಿ ಕಾಯುತ್ತ ನಿಂತ. ನಾನು ಇನ್ನೊಂದು ಸಲ ಎಸ್ ಸರ್ ಎಂದೆ. ಗ್ರೇಟ್ ಎಂದು ಅವನು ನಕ್ಕ. ಅಷ್ಟು ಹೊತ್ತಿನ ಮಾತಿನಲ್ಲಿ ಆ ಗ್ರೇಟ್ ಒಂದೇ ನನಗೆ ಪೂರ್ತಿ ತಿಳಿದದ್ದು.

ಮುಂದಿನ ಜನವರಿಯಲ್ಲಿ ಸೈಮನ್‌ನಿಂದ ಮೇಲ್ ಬಂತು, ಜೊತೆಗೆ ಫೋಟೋಗಳು. ಯಾವುದೋ ಶಾಲೆಯ ಹೊರಗಿನ ಮೆಟ್ಟಿಲಿಗೆ ಹಾಕಿದ್ದ ನಮ್ಮ ಫರ್ಸಿ ಹಿಮಕ್ಕೆ ಸಿಕ್ಕು ಹಪ್ಪಳದಂತೆ ಪದರು ಪದರಾಗಿ ಎದ್ದಿತ್ತು. ಮೇಲ್ ಓದಲು ನನ್ನನ್ನೇ ಕರೆಸಿದರು. ಬರಹದ ಇಂಗ್ಲಿಷ್ ನನಗೆ ನೀರು ಕುಡಿದಷ್ಟು ಸಲೀಸು. ಅದರ ನಡುವೆ ಒಂದು ಸಾಲಿತ್ತು: ಈ ಕಲ್ಲನ್ನು ಹೊರಗಿನ ಮೆಟ್ಟಿಲಿಗೆ ಹಾಕಬಹುದೇ ಎಂದು ನಾನು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿದ್ದೆ, ಹಾಕಬಹುದು ಎಂದು ನಿಮ್ಮವರು ಹೇಳಿದ್ದರು. ಓದಿದ ಕೂಡಲೇ ಅದು ಯಾವ ಶನಿವಾರ, ಯಾವ ಎಸ್ ಸರ್ ಎಂದು ನನಗೆ ಹೊಳೆಯಿತು. ಉಳಿದದ್ದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಆ ಒಂದು ಸಾಲನ್ನು ಬಿಟ್ಟೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು. ಈ ಕಲ್ಲನ್ನು ಪಾಸು ಮಾಡಿದವರು ಯಾರು ಎಂದು ರಮೇಶಕುಮಾರ ಕೇಳಿದರು. ಕೆಂಪು ಗೆರೆ ಹಾಕಿದ್ದೆ, ಒಳಗೆ ಹಾಸಲು ಎಂದೇ ಕಳಿಸಿದ್ದು ಎಂದು ಮಶಾಕ ಎರಡು ಸಲ ಹೇಳಿದ. ಪ್ಯಾಕಿಂಗಿಗೆ ಮುಂಚೆ ಕಲ್ಲು ತೊಳೆಯುತ್ತಾರೆ, ಗೆರೆ ನೀರಿನಲ್ಲಿ ಹೋಗುತ್ತದೆ. ಸಾಕ್ಷಿ ಹೇಳಬೇಕಾದವನು ನಾನೊಬ್ಬನೇ ಇದ್ದೆ, ನಾನು ಕನ್ನಡಕ ಒರೆಸುತ್ತ ಕೂತಿದ್ದೆ. ಹದಿನೇಳು ವರ್ಷ ದುಡಿದ ಮನುಷ್ಯನನ್ನು ಅವತ್ತೇ ಸಂಜೆ ಕಳಿಸಿದರು. ಅದಕ್ಕಿಂತ ಹೊಲಸು ಕೆಲಸ ಇನ್ನೂ ಬಾಕಿ ಇತ್ತು. ನಮ್ಮ ಪರೀಕ್ಷಕನಿಂದ ತಪ್ಪಾಗಿದೆ, ಅವನನ್ನು ತೆಗೆದುಹಾಕಿದ್ದೇವೆ ಎಂದು ಸೈಮನ್‌ಗೆ ಉತ್ತರ ಬರೆದವನೂ ನಾನೇ. ಆ ಪತ್ರದಲ್ಲಿ ಒಂದೂ ವ್ಯಾಕರಣ ದೋಷ ಇರಲಿಲ್ಲ.

ಕಲ್ಲಿನ ಊರಿನಲ್ಲಿ ಸುದ್ದಿಗೆ ಕಾಲು ಬೇಕಿಲ್ಲ. ಮಶಾಕನ ಕಿವಿ ಕೆಟ್ಟಿದೆ, ಕಲ್ಲು ತಿಳಿಯುವುದಿಲ್ಲ ಎಂದು ಒಂದು ಯಾರ್ಡಿನಿಂದ ಇನ್ನೊಂದಕ್ಕೆ ಹರಡಿತು. ಯಾರೂ ಅವನ ಕೈಗೆ ಸೀಮೆಸುಣ್ಣ ಕೊಡಲಿಲ್ಲ. ಅವನು ದಿನಾ ರೈಲು ಹತ್ತಿ ಸೇಡಂಗೆ ಹೋಗಿ ಹೊಸ ಮನೆಗಳಿಗೆ ಫರ್ಸಿ ಹಾಸುವ ಕೂಲಿಗೆ ಇಳಿದ. ಬೇರೆಯವರು ಪಾಸು ಮಾಡಿದ ಕಲ್ಲು ಬದ್ದೆನ್ನುವುದು ಕೇಳಿಸಿದರೂ ಬಾಯಿ ಮುಚ್ಚಿಕೊಂಡು ಹಾಸಬೇಕು. ತಲೆಯ ಮೇಲೆ ಕಲ್ಲು ಹೊರುವುದಕ್ಕಿಂತ ಅದು ಭಾರ ಎಂದು ಆಮೇಲೆ ಒಮ್ಮೆ ಹೇಳಿದ.

ಜೂನಿನ ಒಂದು ಸಂಜೆ ವಾಡಿಯಲ್ಲಿ ರೈಲು ಇಳಿದು ನೇರ ನಮ್ಮ ಮನೆಗೆ ಬಂದ. ಇಂಗ್ಲಿಷ್ ಕಲಿಯಬೇಕು ಎಂದ. ಶಹಾಬಾದಿನಲ್ಲಿ ಮೂವತ್ತು ದಿನದಲ್ಲಿ ನಿರರ್ಗಳ ಇಂಗ್ಲಿಷ್ ಎಂದು ಗೋಡೆ ತುಂಬ ಚೀಟಿ ಅಂಟಿಸಿದ ಒಂದು ಕ್ಲಾಸಿಗೆ ಹೋಗಿ ನೋಡಿದನಂತೆ. ಅಲ್ಲಿ ಹನ್ನೆರಡು ದಿನ ಕನ್ನಡಿಯ ಮುಂದೆ ನಿಲ್ಲಿಸಿ "ಮೈಸೆಲ್ಫ್ ಮಶಾಕ" ಎನ್ನಿಸಿದರಂತೆ. ಮಾತಾಡುವುದನ್ನು ಮಾರುವವರು ಬೀದಿಗೊಬ್ಬರಿದ್ದಾರೆ, ಕೇಳುವುದನ್ನು ಕಲಿಸುವವನು ಒಬ್ಬನೂ ಇಲ್ಲ. ಥೂ! ಆದರೆ ಉಗುಳುವ ಹಕ್ಕು ನನಗೆ ಎಲ್ಲಿತ್ತು?

"ನಾ ಏನ್ ತಪ್ಪು ಮಾಡೀನಿ ಅಂತ ಆ ಸಾಯೇಬರ ಬಾಯಿಲೇ ಕೇಳ್ಬೇಕಾಗ್ಯದ್ರಿ ಸರ್," ಎಂದ ಮಶಾಕ. "ಕಾಲ್ ಎಲ್ಲಾ ನನ್ನ ಫೋನ್ನ್ಯಾಗ ಅವ. ಆದ್ರ ತಿಳೀವಲ್ದು."

ಆ ಕಾಲ್‌ಗಳು ಎಲ್ಲಿಯೋ ಉಳಿದಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ಅವನ ಮಗಳು ಮಹೆವಿಶ ಪಿಯುಸಿ ಓದುವ ಹುಡುಗಿ. ಅಪ್ಪನ ಕಲ್ಲಿನ ಬಗ್ಗೆ ವಿಲಾಯತಿಯವರು ಏನೆನ್ನುತ್ತಾರೆ ಎಂದು ಕೇಳುವ ಆಸೆಗೆ, ಪ್ರತಿಯೊಂದು ವಿಡಿಯೋ ಕಾಲ್ ಸಹ ಫೋನಿನಲ್ಲಿ ಉಳಿಯುವಂತೆ ಮಾಡಿಟ್ಟಿದ್ದಳಂತೆ. ಅವಳದೂ ನನ್ನಂಥದೇ ಪುಸ್ತಕದ ಇಂಗ್ಲಿಷು, ಸೈಮನ್‌ನ ಮಾತು ಅವಳ ಕಿವಿಗೂ ಸಿಕ್ಕಿರಲಿಲ್ಲ. ಮಾತನ್ನು ಬರಹ ಮಾಡಿಕೊಡುವ ಆ್ಯಪಿಗೆ ಹಾಕಿ ನೋಡಿದರೆ ಪಾಲಿಶ್ ಯಂತ್ರದ ಗದ್ದಲ ಮತ್ತು ಸೈಮನ್‌ನ ಊರಿನ ಧಾಟಿ ಸೇರಿ ಅದು ಬರೀ ಕಸ ಬರೆಯಿತಂತೆ.

ನಾನು ಏನು ಮಾಡಿದೆ? ಕೇಳುವುದೆಲ್ಲ ಕೊನೆಗೆ, ಮೊದಲು ವ್ಯಾಕರಣ, ಎರಡು ಮೂರು ವರ್ಷ ಹಿಡಿಯುತ್ತದೆ ಎಂದೆ. ದಿನವಿಡೀ ಕಲ್ಲು ಹೊತ್ತು ಉಗುರು ಕಿತ್ತ ಬೆರಳಿನಲ್ಲಿ ಅವನು ಕ್ರಿಯಾಪದದ ಮೂರು ರೂಪಗಳನ್ನು ಎರಡು ಗೆರೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಅದರಲ್ಲಿ ಅರ್ಧ ನನ್ನ ಮೋಸ, ಅರ್ಧ ನನ್ನ ಅಜ್ಞಾನ. ಬೇರೆ ರೀತಿ ಕಲಿಸಲು ನನಗೆ ಬರುತ್ತಲೂ ಇರಲಿಲ್ಲ. ಅವನು ಹೋಗುವಾಗ ಬಾಗಿಲಲ್ಲಿ ನಿಂತು ಸಲಾಂ ಹೇಳುತ್ತಿದ್ದ, ನಾನು ಗುರುವಿನ ಮುಖ ಮಾಡಿಕೊಂಡು ತಲೆಯಾಡಿಸುತ್ತಿದ್ದೆ. ಆ ಮುಖವನ್ನು ಈಗ ನೆನೆದರೂ ಕೆರೆದು ಹಾಕಬೇಕು ಎನಿಸುತ್ತದೆ.

ಒಂದು ತಿಂಗಳು ಬರೆದು ಅವನೇ ನೋಟ್‌ಬುಕ್ ಮುಚ್ಚಿದ. ಸೇಡಂನಲ್ಲಿ ಫರ್ಸಿ ಹಾಸುತ್ತ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸೈಮನ್‌ನ ಒಂದೇ ವಾಕ್ಯವನ್ನು ದಿನವಿಡೀ ಕೇಳಲು ಶುರು ಮಾಡಿದ. ಅರ್ಥದ ಗೋಜಿಗೇ ಹೋಗುತ್ತಿರಲಿಲ್ಲವಂತೆ. ಮೊದಲು ಬಾಯಿ ಮುಚ್ಚಿಕೊಂಡು ಆ ವಾಕ್ಯದ ಏರಿಳಿತವನ್ನು ಗುನುಗುವುದು. ಅದು ನಾಲಿಗೆಗೆ ಹತ್ತಿದ ಮೇಲೆ ದನಿ ಎಲ್ಲಿ ಭಾರ ಬೀಳುತ್ತದೆಯೋ ಅಲ್ಲಿ ಸುತ್ತಿಗೆಯ ಹಿಡಿಕೆಯಿಂದ ಒಂದು ಏಟು. ಏಟು ಬಿದ್ದ ಜಾಗದ ಪದಗಳನ್ನಷ್ಟೇ ಹಿಡಿದು ಮಹೆವಿಶಳಿಗೆ ಹೇಳುವುದು, ಅವಳು ಡಿಕ್ಷನರಿಯಲ್ಲಿ ಹುಡುಕುವುದು. ನಡುವೆ ಗುಜುಗುಜು ಎನ್ನುವ ಸಣ್ಣ ಪದಗಳು ತಾವಾಗಿಯೇ ಬಂದು ಕೂಡಿಕೊಳ್ಳುತ್ತಿದ್ದವಂತೆ. ಒಂದು ವಾಕ್ಯಕ್ಕೆ ಮೊದಮೊದಲು ವಾರ ಹಿಡಿಯುತ್ತಿತ್ತು, ದಸರೆಯ ಹೊತ್ತಿಗೆ ದಿನಕ್ಕೆ ನಾಲ್ಕೈದು.

"ನಾವು ಎಲ್ಲಾ ಅಕ್ಷರಕ್ಕೂ ಸಮ ಪಾಲು ಕೊಡ್ತೀವ್ರಿ ಸರ್," ಎಂದು ಒಮ್ಮೆ ನನಗೇ ಪಾಠ ಹೇಳಿದ. "ಅವರು ಹಂಗ ಕೊಡಂಗಿಲ್ಲ. ಎರಡು ಮೂರು ಪದಕ್ಕ ಹೊಟ್ಟಿ ತುಂಬ ಊಟ, ಉಳಿದವ್ಕ ಉಪಾಸ. ನೀವು ಉಪಾಸ ಇದ್ದವ್ಕನೂ ಹುಡುಕ್ಲಿಕತ್ತೀರಿ, ಅಷ್ಟರಾಗ ಮಾತು ಮುಂದ ಹೋಗಿರ್ತದ."

ಅಷ್ಟು ನೇರ ಮಾತನ್ನು ಇಂಗ್ಲಿಷಿನ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ, ಬಿ.ಎಡ್. ಓದುವಾಗಲೂ. ಸಂತೋಷಪಡಬೇಕಿತ್ತು. ಏಳನೆಯ ಇಯತ್ತೆಯವನು ನನಗೆ ಹೇಳುತ್ತಾನಲ್ಲ ಎಂದು ಉರಿಯಿತು. ಉರಿಯ ಕೆಳಗೆ ಹೆದರಿಕೆ ಇತ್ತು. ಕಿವಿ ತೆರೆಯುತ್ತಿದೆ, ಇನ್ನು ಆ ಫೆಬ್ರವರಿಯ ಶನಿವಾರದ ಕಾಲ್‌ಗೆ ಬರುತ್ತಾನೆ.

ಬಂದ. ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ಕೂತು ಫೋನನ್ನು ನಮ್ಮಿಬ್ಬರ ನಡುವೆ ನೆಲದ ಮೇಲೆ ಇಟ್ಟ. ಏನೂ ಹೇಳದೆ ಒತ್ತಿದ. ಸೈಮನ್‌ನ ದನಿ ಬಂತು. ಮಶಾಕ ಹೇಳಿಕೊಟ್ಟಿದ್ದಂತೆ ಭಾರ ಬಿದ್ದ ಪದಗಳನ್ನು ಮಾತ್ರ ಹಿಡಿದೆ: ರೆಡ್, ಸ್ಟೆಪ್ಸ್, ಔಟ್‌ಸೈಡ್, ಸ್ನೋ. ಕೊನೆಯಲ್ಲಿ ದನಿ ಮೇಲಕ್ಕೆ ಹೋಗಿ ನಿಂತಿತು. ಈ ಕೆಂಪು ಗೆರೆಯದು ಹೊರಗಿನ ಮೆಟ್ಟಿಲಿಗೂ ನಡೆಯುತ್ತದೆಯೇ, ಅಲ್ಲಿ ಚಳಿಗಾಲವಿಡೀ ಹಿಮ ಇರುತ್ತದಲ್ಲ, ಎಂದು ಆ ಮನುಷ್ಯ ಕೇಳುತ್ತಿದ್ದ. ಅದರ ಮೇಲೆ ನನ್ನ ದನಿ, ಹಾಲಿಗೆ ನೊಣ ಬಿದ್ದಂತೆ: ಎಸ್ ಸರ್. ಸ್ವಲ್ಪ ಬಿಟ್ಟು ಇನ್ನೊಂದು ಸಲ: ಎಸ್ ಸರ್.

ಅವತ್ತು ನೆಟ್‌ವರ್ಕ್ ಸರಿ ಇರಲಿಲ್ಲ ಎಂದೆ. ಹೌದು, ಆಗಲೂ ಸುಳ್ಳು ಹೇಳಿದೆ. ಮಶಾಕ ಇನ್ನೊಂದು ಸಲ ಒತ್ತಿದ. ಯಂತ್ರದ ಗದ್ದಲದ ನಡುವೆಯೂ ಪ್ರತಿ ಮಾತೂ ತೊಳೆದಿಟ್ಟ ಹಾಗೆ ಕೇಳಿಸುತ್ತಿತ್ತು. ಮೂರನೆಯ ಸಲ ಒತ್ತಲು ಕೈ ಹಾಕಿದಾಗ ನಾನೇ ತಡೆದೆ. ತಿಳಿದಿರಲಿಲ್ಲ ಎಂದೆ. ಮೇಲ್‌ನಲ್ಲಿ ಸೈಮನ್ ಬರೆದಿದ್ದ ಸಾಲನ್ನೂ, ಅದನ್ನು ನುಂಗಿದ್ದನ್ನೂ, ಉತ್ತರ ಬರೆದದ್ದನ್ನೂ ಹೇಳಿದೆ. ಒಳಗೆ ನನ್ನ ಹೆಂಡತಿ ನಾಗರತ್ನಾ ಪಾತ್ರೆ ತಿಕ್ಕುವ ಸದ್ದು ನಿಂತುಹೋಯಿತು.

"ಸಿಟ್ಟು ಬಂದಿಲ್ಲ ಅಂತ ತಿಳ್ಕೋಬ್ಯಾಡ್ರಿ ಸರ್. ಭಾಳ ಬಂದದ," ಎಂದ ಮಶಾಕ. ಅವನ ದನಿ ಏರಲಿಲ್ಲ. "ಆದ್ರ ಸಿಟ್ಟಿಗಿ ನನ್ನ ಹೆಸರು ವಾಪಸ್ ಬರಂಗಿಲ್ಲ. ಶನಿವಾರ ಯಾರ್ಡಿಗಿ ಬರ್ರಿ. ನಿಮ್ಮ ಬಾಯಿಂದ ಹೋದದ್ದು ನಿಮ್ಮ ಬಾಯಿಂದನ ಬರ್ಬೇಕು."

ನಾಗರತ್ನಾ ಆ ವಾರ ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು.

ಸೈಮನ್ ವ್ಯಾಪಾರ ಬಿಟ್ಟಿರಲಿಲ್ಲ, ಶನಿವಾರದ ಕಾಲ್ ನಡೆದೇ ಇತ್ತು. ಆ ಶನಿವಾರ ಕಾಲ್ ಬರುವ ಮೊದಲೇ ರಮೇಶಕುಮಾರರಿಗೆ ಎಲ್ಲ ಹೇಳಿದೆ. ಅವರು ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ, ನಿಮ್ಮಂಥ ದೊಡ್ಡವರು ಹೆಸರು ಯಾಕೆ ಕೆಡಿಸಿಕೊಳ್ಳುತ್ತೀರಿ, ಮಶಾಕನಿಗೆ ಯಾರ್ಡಿನಲ್ಲೇ ಬೇರೆ ಏನಾದರೂ ಕೆಲಸ ಕೊಡೋಣ, ಸಾಯೇಬರ ಮುಂದೆ ಇದೆಲ್ಲ ಬೇಡ ಎಂದರು. ಮಾಸ್ತರನ ಹೆಸರು ಹೆಸರು, ಕಲ್ಲು ತಟ್ಟುವವನದು ಏನು ಮಹಾ ಎಂಬ ಧಾಟಿ. ಕೇಳಿ ಅಸಹ್ಯವಾಯಿತು. ಅದಕ್ಕಿಂತ ಅಸಹ್ಯವಾದದ್ದು, ಒಂದು ಗಳಿಗೆ ಆ ಮಾತು ನನಗೆ ಹಿತವಾಗಿ ಕೇಳಿಸಿತು ಎಂಬುದು.

ಅಷ್ಟರಲ್ಲಿ ಫೋನಿನಲ್ಲಿ ಸೈಮನ್ ಬಂದ. ಮಶಾಕ ಯಾರನ್ನೂ ಕೇಳದೆ ಫೋನಿನ ಮುಂದೆ ನಿಂತ. ಅವನ ಇಂಗ್ಲಿಷಿನಲ್ಲಿ ಕಾಲಗಳೆಲ್ಲ ಅಡ್ಡಾದಿಡ್ಡಿ, ಶಾಲೆಯಲ್ಲಾಗಿದ್ದರೆ ನಾನು ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದೆ. ಆದರೆ ಭಾರ ಬೀಳಬೇಕಾದ ಕಡೆ ಬೀಳುತ್ತಿತ್ತು. ಕೆಂಪು ಗೆರೆ ಒಳಗೆ ಮಾತ್ರ, ನೀಲಿ ಹೊರಗೆ, ಗೆರೆ ಹಾಕಿದವನು ನಾನು ಎಂದು ಒಂದು ಫರ್ಸಿ ನಿಲ್ಲಿಸಿ ತಟ್ಟಿ ತೋರಿಸಿದ. ಸೈಮನ್ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತ. ಅವನು ಒಂದು ಕೇಳುತ್ತಾನೆ, ಇವನು ಸುಮ್ಮನೆ ತಲೆ ಬಗ್ಗಿಸಿ ಪೂರ್ತಿ ಕೇಳಿ ಆಮೇಲೆ ಉತ್ತರಿಸುತ್ತಾನೆ. ನಡುವೆ ಒಂದೂ ಎಸ್ ಸರ್ ಇಲ್ಲ. ಪಾಲಿಶ್ ಮಾಡುತ್ತಿದ್ದವರು ಯಂತ್ರ ನಿಲ್ಲಿಸಿ ಬಂದು ಸುತ್ತ ನಿಂತರು. ಇನ್ನು ಮುಂದೆ ಈ ಮನುಷ್ಯ ಗೆರೆ ಹಾಕಿದ ಕಲ್ಲು ಮಾತ್ರ ತನಗೆ ಬೇಕೆಂದು ಸೈಮನ್ ಹೇಳಿದನಂತೆ. ತನ್ನ ಬಗ್ಗೆಯೇ ಬಂದ ಮಾತನ್ನು ಮಶಾಕ ನೆಲ ನೋಡುತ್ತ ರಮೇಶಕುಮಾರರಿಗೆ ಹೇಳಿದ. ಅವರು ಮೇಜಿನ ಖಾನೆಯಿಂದ ಎರಡು ಬಣ್ಣದ ಸೀಮೆಸುಣ್ಣ ತೆಗೆದು ಅವನ ಮುಂದೆ ಇಟ್ಟರು. ಮಶಾಕ ಅದನ್ನು ಮುಟ್ಟಲಿಲ್ಲ, ನನ್ನ ಬಾಯಿಂದ ಬರಬೇಕಾದದ್ದು ಇನ್ನೂ ಬಾಕಿ ಇತ್ತು.

ಆಗ ಸೈಮನ್ ಕೇಳಿದ: "ಹೂ ಟೋಲ್ಡ್ ಮೀ ಯೆಸ್, ದೆನ್?" ಹಾಗಾದರೆ ನನಗೆ ಹೌದು ಎಂದವರು ಯಾರು? ಆ ಮನುಷ್ಯನ ಬಾಯಿಂದ ಬಂದ ಒಂದು ವಾಕ್ಯ ಯಾರ ಸಹಾಯವೂ ಇಲ್ಲದೆ ನನಗೆ ಪೂರ್ತಿ ತಿಳಿದದ್ದು ಅದೇ ಮೊದಲು. ಎಲ್ಲರೂ ಮಶಾಕನತ್ತ ನೋಡುತ್ತಿದ್ದರು. ಮಶಾಕ ನನ್ನತ್ತ ನೋಡಲಿಲ್ಲ.

ನಾನು ಫೋನಿನ ಮುಂದೆ ಹೋಗಿ ನಿಂತೆ. ಹೌದು ಎಂದವನು ನಾನು, ನಿಮ್ಮ ಮಾತು ನನಗೆ ತಿಳಿದಿರಲಿಲ್ಲ ಎಂದು ಪ್ರತಿ ಪದಕ್ಕೂ ಸಮ ತೂಕ ಹಾಕಿ ನನ್ನ ಶಾಲೆಯ ಇಂಗ್ಲಿಷಿನಲ್ಲಿ ಹೇಳಿದೆ. ಇಂಗ್ಲಿಷ್ ಮಾಸ್ತರನೆಂದು ಕೈ ಮುಗಿಯುತ್ತಿದ್ದ ಆ ಮಂದಿಯೆಲ್ಲ ಕೇಳಿಸಿಕೊಂಡರು. ಸೈಮನ್ ಬೈಯುವವನಂತೆ ಅಲ್ಲದೆ, ಸಾವಕಾಶವಾಗಿ ಏನೋ ಹೇಳಿದ. ನನಗೆ ಮತ್ತೆ ಸಿಗಲಿಲ್ಲ. ಬಾಯಿಗೆ ಬಂದ ಎಸ್ ಸರ್ ಅನ್ನು ಹಲ್ಲು ಕಚ್ಚಿ ತಡೆದೆ, ತಿರುಗಿ ಎಲ್ಲರ ಮುಂದೆಯೇ ಕೇಳಿದೆ.

"ಏನಂದ್ರು ಮಶಾಕಭಾಯಿ? ನನಗ ತಿಳೀಲಿಲ್ಲ."

ಮಶಾಕ ಸೀಮೆಸುಣ್ಣ ಎತ್ತಿಕೊಂಡು, ಅವತ್ತು ಮೊದಲ ಸಲ ನನ್ನ ಮುಖ ನೋಡಿದ.

"'ತಿಳೀಲಿಲ್ಲ ಅಂತ ಅವತ್ತೇ ಅಂದಿದ್ರ ಇನ್ನೊಂದು ಸಲ ಹೇಳ್ತಿದ್ನಲ್ಲ' ಅಂತಾರ್ರಿ ಸರ್."